ನೆತ್ತಿಯಿಲ್ಲದ ಟೋಪಿ

ಮನುಷ್ಯನು ತಲೆಯ ಮೇಲೆ ಇಟ್ಟುಕೊಳ್ಳುವುದಕ್ಕೆಂದು ಕಂಡುಹಿಡಿದ ವಸ್ತುಗಳು ಒಂದೆರಡಲ್ಲ. ಅರಸರು ಕಿರೀಟ ಧರಿಸಿದರು. ಪೇಶವೆಗಳ ಕಾಲದವರು ಪಗಡಿ ಇಟ್ಟರು. ನಮ್ಮ ಧಾರವಾಡ ಸೀಮೆಯವರು ರುಮಾಲು ಸುತ್ತಿದರು. ಸಾಹೇಬರು ಬುಟ್ಟಿಯಂಥ ಹ್ಯಾಟನ್ನು ಕವುಚಿಕೊಂಡು ಬಂದು ದೇಶವನ್ನೇ ಹಿಡಿದರು. ಇವರೆಲ್ಲರ ನಡುವೆ ಎಷ್ಟೇ ಯುದ್ಧಗಳು ನಡೆದಿರಲಿ, ಒಂದು ಮಾತಿನಲ್ಲಿ ಮಾತ್ರ ಒಮ್ಮತವಿತ್ತು: ತಲೆಯ ಮೇಲೆ ಇಡುವ ವಸ್ತು ನೆತ್ತಿಯನ್ನು ಮುಚ್ಚಬೇಕು. ಸೃಷ್ಟಿಯಾದಂದಿನಿಂದ ಯಾರೂ ಮುರಿಯದ ಈ ಒಪ್ಪಂದವನ್ನು ಮುರಿದ ವೀರರು ಪುಣೆಯ ಭವಾನಿ ಪೇಠೆಯ ಹೊಳಬಸಪ್ಪನವರು.

ಅವರು ಉಣ್ಣೆಯ ಕಾನಟೋಪಿ ಹೆಣೆಯುತ್ತಿದ್ದರು. ಕುತ್ತಿಗೆಯಿಂದ ಶುರುವಾಗಿ, ಗದ್ದವನ್ನು ಬಳಸಿ, ಎರಡೂ ಕಿವಿಗಳನ್ನು ಅಪ್ಪಿಕೊಂಡು, ಹಣೆಯ ಮೇಲೆ ಕೋಟೆಯ ಗೋಡೆಯ ಹಾಗೆ ಏರುತ್ತಿದ್ದ ಆ ಟೋಪಿಯು ಇನ್ನೇನು ಶಿಖರ ಮುಟ್ಟಬೇಕು ಎನ್ನುವಲ್ಲಿ ಥಟ್ಟನೆ ನಿಂತುಬಿಡುತ್ತಿತ್ತು. ಅದರಾಚೆ ಆಕಾಶ. ಕೆಳಗಿನಿಂದ ಕೈ ತೂರಿಸಿದರೆ ಅದು ಮೇಲಿನಿಂದ ಹೊರಬಂದು ಎದುರಿಗಿದ್ದವರಿಗೆ ನಮಸ್ಕಾರ ಮಾಡಬಹುದಿತ್ತು.

ಇದರ ಕಾರಣದ ಬಗೆಗೆ ಪೇಠೆಯಲ್ಲಿ ಹಲವು ಪುರಾಣಗಳಿದ್ದವು. ಅವರು ಕೆಲಸಕ್ಕಿದ್ದ ಕಾರಖಾನೆಯಲ್ಲಿ ಮದ್ದು ಸಿಡಿದು ಡಬ್ಬಿಯೊಂದರ ಮುಚ್ಚಳ ಅವರ ತಲೆಯ ಮೇಲಿಂದ ಹಾರಿಹೋಯಿತಂತೆ, ಅಂದಿನಿಂದ ಮುಚ್ಚಿದ್ದನ್ನು ಕಂಡರೆ ಆಗದಂತೆ ಎಂದು ಕೆಲವರು. ಶ್ರೀಶೈಲದ ಜಂಗಮರೊಬ್ಬರು ಕನಸಿನಲ್ಲಿ ಬಂದು ನೆತ್ತಿ ಮುಚ್ಚಬೇಡವೆಂದು ಅಪ್ಪಣೆ ಕೊಡಿಸಿದರಂತೆ ಎಂದು ಇನ್ನು ಕೆಲವರು. ಪುಣೆಯಲ್ಲಿ ಒಂದು ಮಾತು ಭವಾನಿ ಪೇಠೆಯಲ್ಲಿ ಹುಟ್ಟಿ ಶನಿವಾರ ಪೇಠೆ ಮುಟ್ಟುವಷ್ಟರಲ್ಲಿ ಅದಕ್ಕೆ ಮೀಸೆ ಮೂಡಿರುತ್ತದೆ. ಹೊಳಬಸಪ್ಪನವರ ಟೋಪಿಗಂತೂ ಗಡ್ಡವೇ ಬಂದಿತ್ತು.

ಇಂಥ ಮಹಾಪುರುಷರು ನೋಡುವುದಕ್ಕೆ ಹೇಗಿದ್ದರು ಎಂದರೆ, ಹೇಗೂ ಇರಲಿಲ್ಲ. ತೆಳ್ಳಗಿನ ಮೈ, ಹಣೆಯ ಮೇಲೆ ವಿಭೂತಿ, ಮೊಣಕಾಲಿನಿಂದ ಎರಡು ಬೆರಳು ಕೆಳಗೆ ಬರುವ ಧೋತರ. ಬೈಲಹೊಂಗಲದ ಕಡೆಯವರು. ಹರೆಯದಲ್ಲಿ ಖಡಕಿಯ ಮದ್ದುಗುಂಡಿನ ಕಾರಖಾನೆಗೆ ಉಗ್ರಾಣದ ಕಾರಕೂನರಾಗಿ ಬಂದು, ದಿನಾ ಸೈಕಲ್ಲು ತುಳಿದು, ಒಂದು ಗುಂಡನ್ನೂ ಹಾರಿಸದೆ ಬ್ರಿಟಿಷ್ ಸಾಮ್ರಾಜ್ಯವನ್ನು ಒಂದು ಮಹಾಯುದ್ಧದಿಂದ ಇನ್ನೊಂದರವರೆಗೆ ತಲುಪಿಸಿ, ಪೆನ್ಶನ್ ಪಡೆದು ಮನೆಯಲ್ಲಿ ಕೂತವರು.

ಮನೆ ಎಂದರೆ ಹಲವು ಬಿಡಾರಗಳಿರುವ ನಮ್ಮ ವಾಡೆಯ ದೊಡ್ಡ ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಇರುವ ಒಂದು ಕೋಣೆ, ಅದರ ಮುಂದೆ ಒಂದು ಕಟ್ಟೆ. ನಳಕ್ಕೆ ನೀರಿಗೆ ಹೋಗುವವರು, ಪೇಠೆಗೆ ಹೋಗುವವರು, ಸಾಲಕ್ಕೆ ಬಂದವರು, ಸೂತಕ ಹೇಳಲು ಬಂದವರು, ಎಲ್ಲರೂ ಆ ಕಟ್ಟೆಯ ಮುಂದೆಯೇ ಹಾಯಬೇಕು. ಎಲ್ಲರೂ ಹಾಯುತ್ತಿದ್ದರು, ಯಾರೂ ಕೂಡುತ್ತಿರಲಿಲ್ಲ. ಅದರಲ್ಲಿ ಯಾರದೂ ತಪ್ಪಿಲ್ಲ. ಒಬ್ಬರ ಮನೆಯ ಕಟ್ಟೆಯ ಮೇಲೆ ಕೂಡಬೇಕಾದರೆ ಏನಾದರೊಂದು ನೆಪ ಬೇಕು. ಅಲ್ಲಿ ಆಡುವ ಮಕ್ಕಳಿರಬೇಕು, ಇಲ್ಲವೆ ವರ್ತಮಾನ ಪತ್ರಿಕೆ ಇರಬೇಕು, ಅದೂ ಇಲ್ಲದಿದ್ದರೆ ಒಂದು ಒಳ್ಳೆಯ ಜಗಳವಾದರೂ ಇರಬೇಕು. ಹೊಳಬಸಪ್ಪನವರ ಬಳಿ ಈ ಮೂರೂ ಇರಲಿಲ್ಲ. ಹೆಂಡತಿ ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು, ಮಕ್ಕಳಾಗಿರಲಿಲ್ಲ, ಜಗಳಕ್ಕೆ ಅವರ ದನಿ ಸಾಲುತ್ತಿರಲಿಲ್ಲ.

ಆದರೆ ಯುದ್ಧತಂತ್ರವನ್ನು ಅವರು ಹತ್ತಿರದಿಂದ ನೋಡಿದ್ದು ವ್ಯರ್ಥವಾಗಿರಲಿಲ್ಲ. ಹಾದುಹೋಗುವವರನ್ನು ಹಿಡಿಯುವುದಕ್ಕೆ ಅವರದೊಂದು ಉಪಾಯವಿತ್ತು.

“ರೀ, ಒಂದೀಟು ತಲಿ ಕೊಡ್ರಿ.”

ತಲೆ ಕೊಡಬೇಕೆಂದರೆ ಕಟ್ಟೆಯ ಮೇಲೆ ಕೂಡಲೇಬೇಕು. ಕೂತ ಮೇಲೆ ಅವರು ಒಂದು ದಾರ ತೆಗೆದು ಹಣೆಯ ಸುತ್ತ ಒಂದು ಸಲ, ಕಿವಿಯಿಂದ ಕಿವಿಗೆ ಒಂದು ಸಲ, ಗದ್ದದ ಕೆಳಗಿನಿಂದ ಒಂದು ಸಲ ಹಿಡಿದು ಅಳೆಯುವರು. ದಾರಕ್ಕೆ ಗಂಟು ಹಾಕುವರು. ಗಂಟು ಎಲ್ಲಿ ಹಾಕಿದೆನೆಂದು ಮರೆತು ಮತ್ತೆ ಮೊದಲಿನಿಂದ ಅಳೆಯುವರು. ಈ ನಡುವೆ ಊರು, ಮನೆ, ಮಗಳ ಹೆರಿಗೆ, ಬೆಲ್ಲದ ಧಾರಣೆ ಎಲ್ಲವೂ ವಿಚಾರಣೆಯಾಗುತ್ತಿದ್ದವು. ಸಿಂಪಿಗನು ಒಂದು ಕೋಟಿನ ಅಳತೆಗೆ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಅವರು ಒಂದು ತಲೆಗೆ ತೆಗೆದುಕೊಳ್ಳುತ್ತಿದ್ದರು.

ಮಾಳಿಗೆಯ ಮೇಲೆ ಬೆಲ್ಲದ ಅಡತಿ ವ್ಯಾಪಾರಿ ನಿಜಲಿಂಗಪ್ಪನವರ ಬಿಡಾರ. ಅವರು ಅವಸರದ ಮನುಷ್ಯರು. ಒಂದು ದಿನ ಸಿಟ್ಟಿಗೆದ್ದರು.

“ಏನ್ರೀ ಹೊಳಬಸಪ್ಪ, ನಿನ್ನೀನ ಅಳದೀರೆಲ್ಲ ನನ್ನ ತಲಿ?”

“ನಿನ್ನಿ ತಲಿ ಬ್ಯಾರೆ ಇತ್ರಿ. ಈಗ ಕ್ಷೌರ ಮಾಡಿಸೀರಿ.”

“ಕ್ಷೌರ ಮಾಡಿಸಿದರ ತಲಿ ಸಣ್ಣದ ಆಗತದೇನ್ರಿ?”

“ಕೂದಲಾ ಹೋದ್ವಲ್ರಿ. ಕೂಡ್ರಿ, ಒಂದ ಗಳಿಗಿ.”

ನಿಜಲಿಂಗಪ್ಪನವರು ಕೂಡಲಿಲ್ಲ, ಹೋದರು. ದಾರ ಹಿಡಿದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿಯೇ ಇತ್ತು. ಆಮೇಲೆ ಹೊಳಬಸಪ್ಪನವರು ಆ ದಾರವನ್ನು ತಮ್ಮ ಮೊಣಕಾಲಿಗೆ ಸುತ್ತಿ ಅಳೆದು, ತೃಪ್ತಿಯಿಂದ ಗಂಟು ಹಾಕಿದರು. ಮೊಣಕಾಲಾದರೆ ಎಲ್ಲಿಗೂ ಎದ್ದು ಹೋಗುವಂತಿರಲಿಲ್ಲ.

ಅವರಿಗೆ ಈ ಹೆಣಿಗೆ ಬಂದದ್ದು ಹೇಗೆ ಎಂಬ ಅಧ್ಯಾಯವನ್ನು ಟೋಪಿಯ ಪುರಾಣಿಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಅದರಲ್ಲಿ ತತ್ತ್ವವೇನೂ ಇಲ್ಲವೆಂದು. ವಾಡೆಯ ಹಳೆಯ ಹೆಂಗಸರಿಗೆ ಮಾತ್ರ ಅದು ನೆನಪಿತ್ತು. ಹಿಂದಿನ ಮಹಾಯುದ್ಧ ಮುಗಿಯುವ ವರ್ಷ ಪುಣೆಗೆ ದೊಡ್ಡ ಜ್ವರ ಬಂತಲ್ಲ, ಆಗ ಅವರ ಹೆಂಡತಿ ಕಲ್ಲವ್ವನೂ ಮಲಗಿದಳು. ಜ್ವರ ಬಿಟ್ಟಿತು, ನಿತ್ರಾಣ ಉಳಿಯಿತು. ಗೋಡೆಗೆ ಒರಗಿ ಕೂಡುವಷ್ಟಾದಳು. ಹೊಳಬಸಪ್ಪನವರು ಖಡಕಿಗೆ ರಜೆ ಹೇಳಿ ಎದುರಿಗೆ ಕೂತು ಅವಳ ಮುಖವನ್ನೇ ನೋಡತೊಡಗಿದರು. ಒಂದು ದಿನ ನೋಡಿದರು, ಎರಡು ದಿನ ನೋಡಿದರು. ಮೂರನೆಯ ದಿನ ಕಲ್ಲವ್ವ ಬೇಸತ್ತಳು.

“ಹಿಂಗ ಮಾರಿ ನೋಡಕೋತ ಕುಂತರ ಇದ್ದ ಜೀವಾನೂ ಹೋಗತದ. ಹಿಡೀರಿ ಇವು.”

ಕೈಗೆ ಬಂದದ್ದು ಎರಡು ಹೆಣಿಗೆಯ ಕಡ್ಡಿ, ಒಂದು ಉಂಡೆ ಬೂದು ಬಣ್ಣದ ಉಣ್ಣೆ. ಖಡಕಿಯ ಇಗರ್ಜಿಯ ಹಿಂದೆ ಹೆಣ್ಣುಮಕ್ಕಳಿಗೆ ಹೆಣಿಗೆ ಹೇಳಿಕೊಡುತ್ತಿದ್ದ ಹೆಂಗಸೊಬ್ಬರಿಂದ ಅವಳು ಅದನ್ನು ಕಲಿತಿದ್ದಳು.

“ನಾ ಏನ ಮಾಡ್ಲಿ ಇದರಾಗ?”

“ನಿಮಗ ಟೊಪಗಿ ಮಾಡಕೊಳ್ರಿ. ನಸುಕಿನ ಥಂಡಿಯೊಳಗ ಹೊಳಿ ದಾಟಿ ಸೈಕಲ್ ಮ್ಯಾಲೆ ಹೋಗ್ತೀರಿ, ಕಿವಿ ಏನ ಕಬ್ಬಿಣದ್ದೇನು? ಹಂಗಲ್ಲ! ನೂಲು ಹಿಡಿರಿ ಅಂದ್ರ ಹಾವು ಹಿಡದಂಗ ಹಿಡೀತೀರೆಲ್ಲ. ಒಂದು ಒಳಗ, ಒಂದು ಹೊರಗ. ಒಂದು ಒಳಗ... ಅಯ್ಯ ಶಿವನ, ಎರಡೂ ಒಳಗ ಹಾಕಿದ್ರಿ.”

ವಾಡೆಯ ಹೆಂಗಸರು ನೀರಿನ ಕೊಡ ಇಳಿಸಿ ಬಾಗಿಲಲ್ಲಿ ನಿಂತು ಈ ಶಾಲೆಯನ್ನು ನೋಡುತ್ತಿದ್ದರಂತೆ. ಮಾಸ್ತರಬಾಯಿ ಹಾಸಿಗೆಯಲ್ಲಿ, ವಿದ್ಯಾರ್ಥಿ ನೆಲದ ಮೇಲೆ. ಬೈಗುಳ ಧಾರಾಳ. ಟೋಪಿ ಗದ್ದ ದಾಟಿತು, ಕಿವಿ ದಾಟಿತು, ಹಣೆ ಮುಟ್ಟಿತು. ಅವಳ ನಗು ಅಂಗಳಕ್ಕೆ ಕೇಳುತ್ತಿತ್ತು. ಆಮೇಲೆ ಬಿಟ್ಟ ಜ್ವರ ಮತ್ತೆ ಬಂತು. ಈ ಸಲ ಅದು ಅವಳನ್ನು ಬಿಟ್ಟುಹೋಗಲಿಲ್ಲ, ಕರೆದುಕೊಂಡೇ ಹೋಯಿತು.

ಬೈಲಹೊಂಗಲದಿಂದ ನೆಂಟರು ಬಂದರು, ಅತ್ತರು, ಉಂಡರು, ಇನ್ನೊಂದು ಹೆಣ್ಣಿನ ಮಾತು ತೆಗೆದರು, ಉತ್ತರ ಬಾರದೆ ಗಾಡಿ ಹತ್ತಿದರು. ಕಡ್ಡಿಯ ಮೇಲಿದ್ದ ಟೋಪಿಯನ್ನು ಹೊಳಬಸಪ್ಪನವರು ಗೋಡೆಯ ಮಾಡದಿಂದ ಇಳಿಸಿದರು. ಕುಣಿಕೆಗಳು ಜಾರಿಹೋಗಬಾರದೆಂದು ದಬ್ಬಣಕ್ಕೆ ಹುರಿ ಪೋಣಿಸಿ, ಉಗ್ರಾಣದಲ್ಲಿ ಗೋಣಿಚೀಲದ ಬಾಯಿಗೆ ಹಾಕಿ ರೂಢಿಯಾಗಿದ್ದ ಹೊಲಿಗೆಯನ್ನೇ ಅಂಚಿನ ಸುತ್ತ ಹಾಕಿದರು. ತಲೆಗೆ ಏರಿಸಿಕೊಂಡು ಸೈಕಲ್ಲು ಹತ್ತಿ ಖಡಕಿಗೆ ಹೋದರು. ಆ ವಾರವೇ ಇನ್ನೊಂದು ಟೋಪಿ ಶುರು ಮಾಡಿದರು. ಅಲ್ಲಿಂದ ನಿಲ್ಲಿಸಲಿಲ್ಲ.

ಉಣ್ಣೆ ಹಳೆಯ ಸಾಮಾನು ಮಾರುವ ಜೂನಾ ಬಾಜಾರದಿಂದ ಬರುತ್ತಿತ್ತು. ದಂಡಿನವರು ಹರಿದು ಬಿಸಾಕಿದ ಕಾಲುಚೀಲ, ಬನಿಯನ್ನುಗಳ ರಾಶಿಯನ್ನು ತಂದು, ತೊಳೆದು, ಬಿಚ್ಚಿ, ಉಂಡೆ ಸುತ್ತುವರು. ಆದಕಾರಣ ಅವರ ಟೋಪಿಗಳೆಲ್ಲ ಖಾಕಿ ಇಲ್ಲವೆ ಬೂದು. ಗೋರಾ ಸೋಜಿರರ ಪಾದಗಳಲ್ಲಿ ಸವೆದದ್ದು ಭವಾನಿ ಪೇಠೆಯ ತಲೆಗಳ ಮೇಲೆ ಕೂಡುತ್ತಿತ್ತು. ಚಕ್ರವರ್ತಿಗೆ ಇದು ತಿಳಿದಿರಲಿಲ್ಲವೆಂದು ಕಾಣುತ್ತದೆ.

ಪುಕ್ಕಟೆ ಬಂದ ವಸ್ತುವಿಗೆ ಜನ ಉಪಯೋಗ ಹುಡುಕದೆ ಬಿಡುತ್ತಾರೆಯೆ? ನಿಜಲಿಂಗಪ್ಪನವರ ತಾಯಿ ಅದನ್ನು ನೋಯುವ ಮೊಣಕಾಲಿಗೆ ಏರಿಸಿದರು. ಪೂಜೆಗೆ ಹೋಗುವ ಅವಧೂತಭಟ್ಟರು ಥಂಡಿಯಲ್ಲಿ ಅದನ್ನು ಹಾಕಿಕೊಂಡು, ಮೇಲಿನ ಕಿಂಡಿಯಿಂದ ತಮ್ಮ ಶಿಖೆಯನ್ನು ಹೊರಗೆ ತೆಗೆದು ಗಂಟು ಹಾಕಿದರು. ತರಕಾರಿ ಮಾರುವ ರಂಗೂಬಾಯಿ ಅದನ್ನು ಸುರುಳಿ ಸುತ್ತಿ ಬುಟ್ಟಿಯ ಕೆಳಗೆ ಸಿಂಬೆ ಮಾಡಿಕೊಂಡಳು. ನೆತ್ತಿ ಇರುವ ಟೋಪಿ ಒಂದೇ ಕೆಲಸಕ್ಕೆ ಬರುತ್ತದೆ. ನೆತ್ತಿ ಇಲ್ಲದ್ದು ಸಂಸಾರಕ್ಕೆಲ್ಲ ಬರುತ್ತದೆ. ಆದರೆ ಟೋಪಿ ತೆಗೆದುಕೊಂಡವರು ಟೋಪಿಯ ಸಂಗಡ ಹೊರಟುಹೋಗುತ್ತಿದ್ದರು. ಕಟ್ಟೆ ಕಟ್ಟೆಯಾಗಿಯೇ ಉಳಿಯುತ್ತಿತ್ತು.

ಪುರಾಣ ನಿಜವಾಗಿ ಹುಟ್ಟಿದ್ದು ಈ ಸಲದ ಯುದ್ಧದ ಒಂದು ಚಳಿಗಾಲದಲ್ಲಿ, ರಂಗೂಬಾಯಿಯಿಂದ. ಅವಳು ಸೊಲ್ಲಾಪುರದ ಕಡೆಯವಳು. ಬಾಯಿ ಅರ್ಧ ಕನ್ನಡ, ಅರ್ಧ ಮರಾಠಿ, ಎರಡೂ ಹರಿತ. ಆ ವರ್ಷದ ಥಂಡಿ ಎಂಥದಿತ್ತೆಂದರೆ ಸಿಂಬೆಯನ್ನು ಬಿಚ್ಚಿ ತಲೆಗೇ ಹಾಕಿಕೊಂಡು ಅವಳು ನಸುಕಿನಲ್ಲಿ ತರಕಾರಿ ಮಂಡಿಗೆ ಹೋದಳು. ನೆತ್ತಿಯಿಂದ ಗಾಳಿ ನುಗ್ಗಿ ಹಲ್ಲಿನಲ್ಲಿ ಹೊರಬಂತು. ತಿರುಗಿ ಬಂದವಳೇ ಕಟ್ಟೆಯ ಮೇಲೆ ಬುಟ್ಟಿ ಕುಕ್ಕಿದಳು.

“ಅಗಬಾಯೀ, ಕಾಕಾ! ಇದೇನು ಟೊಪಗಿನೋ, ಧುರಾಡೆನೋ? ನನ್ನ ತಲಿಯೊಳಗಿನ ಹೊಗಿ ಹೊರಗ ಹೋಗ್ಲಿ ಅಂತ ಮಾಡೀರೇನು?”

ಧುರಾಡೆ ಎಂದರೆ ಮರಾಠಿಯಲ್ಲಿ ಹೊಗೆಗಿಂಡಿ. ಹೊಳಬಸಪ್ಪನವರಿಗೆ ಮಾತು ಹಿತವಾಯಿತು, ಏಕೆಂದರೆ ಅವಳು ಕೂತಿದ್ದಳು.

“ತರ್ರಿ ಇಲ್ಲಿ ಕಡ್ಡಿ. ಒಂದ ಗಳಿಗಿ ಕೆಲಸ. ನೋಡ್ರಿ ಕಾಕಾ, ಮ್ಯಾಲೆ ಬಂದಮ್ಯಾಲೆ ಎರಡೆರಡು ಕುಣಿಕಿ ಕೂಡಿಸಿ ಕಡಿಮಿ ಮಾಡಕೋತ...”

ಆಗ ಒಂದು ವಿಚಿತ್ರ ನಡೆಯಿತು. ದಿನವಿಡೀ ಮಾತಿಗಾಗಿ ಕಾದು ಕೂಡುವ ಮನುಷ್ಯರು ತಮ್ಮ ತಲೆಯ ಮೇಲಿದ್ದ ಕಾನಟೋಪಿಯನ್ನು ಸರ್ರನೆ ಕಿವಿಯ ಮೇಲೆ ಎಳೆದುಕೊಂಡು, ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರಂಗೂಬಾಯಿಯ ಬಾಯಿ ತೆರೆದೇ ಇತ್ತು. ಅದು ಅಪರೂಪವೇನಲ್ಲ, ಆದರೆ ಅದರಿಂದ ಮಾತು ಬಾರದೆ ಇದ್ದದ್ದು ಅಪರೂಪ. ಹಟಕ್ಕೆ ಬಿದ್ದು ಅವಳು ಕಟ್ಟೆಯ ಮೇಲಿದ್ದ ಹೊಸ ಟೋಪಿಯೊಂದರ ನೆತ್ತಿಗೆ ದಾರ ಹಾಕಿ ಬಿಗಿದು, ಮುಚ್ಚಿ, ಅಂದವಾಗಿ ಬಾಗಿಲ ಚಿಲಕಕ್ಕೆ ತೂಗುಹಾಕಿ ಹೋದಳು.

ಮರುದಿನ ಬೆಳಿಗ್ಗೆ ಅವಧೂತಭಟ್ಟರು ಶಿಖೆ ಹೊರಗಿಟ್ಟುಕೊಂಡು ಪೂಜೆಗೆ ಹೊರಟವರು ಕಂಡರು: ಹೊಳಬಸಪ್ಪನವರು ಕಟ್ಟೆಯ ಮೇಲೆ ಕೂತು, ಕಣ್ಣಿನ ಹತ್ತಿರ ಹಿಡಿದು, ಚಿಕ್ಕ ಕತ್ತರಿಯಿಂದ ಆ ದಾರವನ್ನು ಒಂದೊಂದೇ ಕತ್ತರಿಸುತ್ತಿದ್ದಾರೆ.

“ಯಾಕ್ರೀ ಹೊಳಬಸಪ್ಪ, ಛಲೋ ಮುಚ್ಚಿತ್ತಲ್ಲ?”

ಕತ್ತರಿ ಮುಂದಿನ ದಾರಕ್ಕೆ ಹೋಯಿತು.

“ತೆರದ ಇರಬೇಕು ಅಂತೀರಿ?”

ಹೊಳಬಸಪ್ಪನವರು ಹೌದೆಂಬಂತೆ ಗೋಣು ಹಾಕಿದರು.

ಅಷ್ಟೇ. ಒಬ್ಬ ಮನುಷ್ಯನು ಕಾರಣ ಹೇಳಿದರೆ ಪುಣೆಯ ಜನ ಅದನ್ನು ಅಲ್ಲಗಳೆಯುತ್ತಾರೆ. ಹೇಳದಿದ್ದರೆ ಮಾತ್ರ ನಂಬುತ್ತಾರೆ. ಭಟ್ಟರು ಸಂಜೆಯೊಳಗೆ ಸಿದ್ಧಾಂತ ಮಾಡಿದರು: ಇದು ಶಿಖೆಗಾಗಿ ಬಿಟ್ಟ ದಾರಿ, ಆಚಾರವಂತನ ಟೋಪಿ. ಮಾತು ಮಾಳಿಗೆ ಹತ್ತಿ ನಿಜಲಿಂಗಪ್ಪನವರನ್ನು ಮುಟ್ಟಿತು. ಅವರು ಬೆಲ್ಲ ಮಾರುತ್ತಿದ್ದರೂ ಹುಟ್ಟಿದ್ದು ವ್ಯಾಖ್ಯಾನಕ್ಕೆ. ಪೇಠೆಯ ಕನ್ನಡಿಗರ ಮಂಡಳಿಗೆ ಕಾರ್ಯದರ್ಶಿಯಾಗಿ, ಉಪನ್ಯಾಸಕ್ಕೆ ಒಂದು ವಿಷಯ ಸಿಗದೆ ವರ್ಷಗಟ್ಟಲೆ ಬಳಲಿದ್ದರು. ಅವರು ಮೆಟ್ಟಿಲಿಳಿದು ಬಂದು ಟೋಪಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರೊಳಗಿನಿಂದ ಆಕಾಶ ನೋಡಿದರು.

“ಶಿಖಾ ಎಲ್ಲಿದು ತಗದೀರಿ ಭಟ್ಟರ! ಲಿಂಗವಂತನ ತಲಿಗೆ ಶಿಖಾ ಎಲ್ಲಿಂದ ಬಂತು? ಇದು ಬ್ರಹ್ಮರಂಧ್ರ! ದೀಕ್ಷಾದಾಗ ಗುರು ನೆತ್ತಿ ಮ್ಯಾಲೆ ಕೈ ಇಟ್ಟು ಒಳಗಿನ ಚೈತನ್ಯ, ಚಿತ್ಕಳಾ, ಹೊರಗ ತಗೀತಾನಲ್ಲ, ಆ ದಾರಿ! ಅದನ್ನ ಮುಚ್ಚಬಾರದು ಅಂತ ಈ ಮಹಾತ್ಮ ಇಷ್ಟ ವರ್ಷ ಸುಮ್ಮನ ಹೇಳಕೋತ ಬಂದಾನ, ನಮಗ ತಿಳಿದಿಲ್ಲ!”

“ಹೌದೇನ್ರಿ?” ಎಂದು ಭಟ್ಟರು ಹೊಳಬಸಪ್ಪನವರನ್ನು ಕೇಳಿದರು.

“ಕೂಡ್ರಿ,” ಎಂದರು ಹೊಳಬಸಪ್ಪನವರು. “ಚಹಾ ಮಾಡ್ತೀನಿ.”

ಅವರು ಕೂತರು. ಶಿಖೆಯೋ ರಂಧ್ರವೋ ಎಂಬ ವಾದ ಒಂದೇ ಕಪ್ಪಿಗೆ ಮುಗಿಯುವಂಥದಾಗಿರಲಿಲ್ಲ. ಮರುದಿನವೂ ಬಂದರು. ಶಿಖೆಯ ಪಕ್ಷಕ್ಕೆ ಇಬ್ಬರು ಹೆಚ್ಚು, ರಂಧ್ರದ ಪಕ್ಷಕ್ಕೆ ಮೂವರು ಹೆಚ್ಚು. ಅಷ್ಟರಲ್ಲಿ ಇನ್ನೊಂದು ಘಟನೆಯಾಯಿತು. ಸೈನಿಕರಿಗೆ ಉಣ್ಣೆಯ ಟೋಪಿ ಕೂಡಿಸುತ್ತಿದ್ದ ಕ್ಯಾಂಪಿನ ಸಾಹೇಬರ ಮಡಮ್ಮಗಳ ಕಮಿಟಿಯೊಂದಕ್ಕೆ ಯಾರೋ ಹೊಳಬಸಪ್ಪನವರ ಒಂದು ಗಂಟು ಟೋಪಿ ಒಯ್ದು ಕೊಟ್ಟರು. ಗಂಟು ಹೋದ ದಾರಿಯಿಂದಲೇ ತಿರುಗಿ ಬಂತು. ಸರಕಾರ ಬೇಡವೆಂದ ಟೋಪಿ! ಪೇಠೆಯ ತರುಣರು ಹುಚ್ಚೆದ್ದು ಹೋದರು. ಅಂದಿನಿಂದ ಅದು ದೇಶಭಕ್ತಿಯ ಟೋಪಿಯೂ ಆಯಿತು. ಭಾರತದ ತಲೆಗೆ ಮುಚ್ಚಳ ಹಾಕುವುದು ಯಾರಿಂದ ಸಾಧ್ಯ ಎಂದು ಒಬ್ಬ ಹುಡುಗ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದ. ಆ ಟೋಪಿಯ ತೂತಿನಿಂದ ಕಾಣುತ್ತಿದ್ದದ್ದು ಸ್ವಾತಂತ್ರ್ಯವೆಂದೂ ಹೇಳಿದ. ನಮಗೆ ಕಂಡದ್ದು ಅವನ ಬೈತಲೆ.

ಹೊಳಬಸಪ್ಪನವರ ಕಟ್ಟೆ ತುಂಬಿತು. ಈಗ ಯಾರನ್ನೂ ತಲೆ ಕೊಡಿರೆಂದು ಕರೆಯಬೇಕಾಗಿರಲಿಲ್ಲ, ತಾವೇ ತಲೆ ಒಡ್ಡಿ ಸರದಿಯಲ್ಲಿ ಕೂಡುತ್ತಿದ್ದರು. ಹೊಳಬಸಪ್ಪನವರು ಹೊಸ ಕಪ್ಪುಗಳನ್ನು ತಂದರು. ಚಾಪೆ ತಂದರು. ಯುದ್ಧದ ಕಾಲ, ಸಕ್ಕರೆ ಸಿಗುತ್ತಿರಲಿಲ್ಲ, ಬೆಲ್ಲದ ಚಹಾ ಕುದಿಸುತ್ತಿದ್ದರು. ವಾದ ನಡೆಯುವಾಗ ನಡುವೆ ಕೂತು ಒಬ್ಬೊಬ್ಬರ ಮುಖವನ್ನೂ ಹಸಿದವನು ಪಂಕ್ತಿಯಲ್ಲಿ ಎಲೆ ನೋಡುವ ಹಾಗೆ ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಕಾಯುವವರು ಯಾರಾದರೂ ಸಿಕ್ಕರೆ ಹೊಳಬಸಪ್ಪನವರೇ ಎದ್ದು ಚಹಾ ಸೋಸುವುದಕ್ಕೆ ಒಳಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದುಹೋದಾಗ ರಂಗೂಬಾಯಿ ಉಳಿದ ಬದನೆಕಾಯಿ ಕೊಡುವ ನೆಪದಲ್ಲಿ ಬಂದಳು. ಬಾಗಿಲು ಹಾಕಿಕೊಂಡ ದಿನದಿಂದ ಅವಳು ಕಟ್ಟೆಯ ಮೇಲೆ ಕೂತಿರಲಿಲ್ಲ. ಈಗಲೂ ಕೂಡಲಿಲ್ಲ.

“ಕಾಕಾ, ಸಿಟ್ಟ ಆಗಬ್ಯಾಡ್ರಿ, ಒಂದ ಮಾತು. ಈ ಮಂದಿ ನಿಮ್ಮ ಸಲುವಾಗಿ ಬಂದಿಲ್ಲ. ಆ ತೂತಿನ ಸಲುವಾಗಿ ಬಂದದ. ನಾಳೆ ಅದರಾಗ ಏನೂ ಇಲ್ಲಾ ಅಂತ ಗೊತ್ತಾತಂದ್ರ, ಚಹಾದ ಕಪ್ಪು ತೊಳೀಲಿಕ್ಕೂ ನಿಂದರೂದಿಲ್ಲ.”

“ಗೊತ್ತದ, ರಂಗೂಬಾಯಿ.”

“ಗೊತ್ತಿದ್ದೂ ಸುಮ್ಮನ ಕುಂತೀರಿ?”

ಹೊಳಬಸಪ್ಪನವರು ಬದನೆಕಾಯಿಗಳನ್ನು ಒಂದೊಂದಾಗಿ ತಿರುವಿ ನೋಡಿದರು.

“ಗ್ವಾಡಿ ಜೋಡಿ ಎಷ್ಟಂತ ಮಾತಾಡಲೆವ್ವಾ? ಅದು ಒಂದ ದಿನಾನೂ ಹೂಂ ಅಂದಿಲ್ಲ. ಇವರು ಸುಳ್ಳ ಮಾತಾಡ್ತಾರ, ಖರೆ. ಮಾತಾಡ್ತಾರಲ್ಲ.”

ರಂಗೂಬಾಯಿ ಸೆರಗು ಸರಿಮಾಡಿಕೊಂಡು ಬುಟ್ಟಿ ಎತ್ತಿದಳು. “ಎಣ್ಣೆ ಹೆಚ್ಚ ಹಾಕ್ರಿ ಬದನಿಕಾಯಿಗೆ,” ಎಂದಷ್ಟೇ ಹೇಳಿ ಹೋದಳು.

ಸಂಕ್ರಾಂತಿ ಬಂತು. ಮಂಡಳಿಯವರು ಎಳ್ಳುಬೆಲ್ಲದ ಕೂಟದಲ್ಲಿ ಹೊಳಬಸಪ್ಪನವರಿಗೆ ಶಾಲು ಹೊದಿಸುವುದೆಂದು ನಿಶ್ಚಯಿಸಿದರು. ಉಪನ್ಯಾಸ ನಿಜಲಿಂಗಪ್ಪನವರದು. ವಿಷಯ, “ಊರ್ಧ್ವಮುಖ ಶಿರಸ್ತ್ರಾಣ ಮತ್ತು ಆತ್ಮೋನ್ನತಿ.” ಹಿಂದಿನ ದಿನ ಅವರು ಬಂದು ಸನ್ಮಾನಿತರಿಗೆ ಪಾಠ ಹೇಳಿದರು.

“ನೀವು ಏನೂ ಮಾತಾಡೂದು ಬ್ಯಾಡ. ಕೂಡ್ರಿ. ನಾ ನಿಮ್ಮ ಕಡೆ ಕೈ ಮಾಡಿದಾಗ ಗೋಣ ಹಾಕ್ರಿ, ಅಷ್ಟ ಸಾಕು.”

“ಇದ ಟೊಪಗಿ ಹಾಕ್ಕೊಂಡು ಬರ್ಲೇನ್ರಿ?”

“ಅದ ಬೇಕು! ಅದನ್ನ ಬಿಟ್ಟು ನಿಮ್ಮನ್ನ ಯಾರು ಗುರ್ತ ಹಿಡೀತಾರ?”

ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಭಟ್ಟರು, ಅವರ ಹಿಂದೆ ತರುಣರು, ಅವರ ಹಿಂದೆ ಬೆಲ್ಲದ ಅಡತಿಯವರು, ಕಟ್ಟೆಗೆ ಬರುತ್ತಿದ್ದ ಅಷ್ಟೂ ಮುಖಗಳು. ಅನೇಕರ ತಲೆಯ ಮೇಲೆ ಟೋಪಿ. ವೇದಿಕೆಯಿಂದ ನೋಡಿದರೆ ಬೋಳು ನೆತ್ತಿಗಳು, ಕರಿ ನೆತ್ತಿಗಳು, ಒಂದು ಶಿಖೆ, ಎಲ್ಲವೂ ಗೂಡಿನಿಂದ ಇಣುಕುವ ಮರಿಗಳ ಹಾಗೆ ಕಾಣುತ್ತಿದ್ದವು. ಬಾಗಿಲ ಬಳಿ ಬುಟ್ಟಿ ಇಳಿಸಿ ರಂಗೂಬಾಯಿಯೂ ನಿಂತಿದ್ದಳು.

ಬೂದು ಬಣ್ಣದ ಹಳೆಯ ಟೋಪಿ ಹಾಕಿಕೊಂಡು, ಮೈಮೇಲೆ ಶಾಲು, ಕೊರಳಲ್ಲಿ ಸೇವಂತಿಗೆಯ ಹಾರ ಧರಿಸಿ ಹೊಳಬಸಪ್ಪನವರು ಕುರ್ಚಿಯ ಅಂಚಿನಲ್ಲಿ ಕೂತರು. ನಿಜಲಿಂಗಪ್ಪನವರು ಆರಂಭಿಸಿದರು. ನಾಡಿಗಳನ್ನು ಏರಿದರು, ಚಕ್ರಗಳನ್ನು ದಾಟಿದರು. ನಡುನಡುವೆ ಕೈ ಮಾಡಿದರು. ಹೊಳಬಸಪ್ಪನವರು ಒಪ್ಪಂದದ ಪ್ರಕಾರ ಗೋಣು ಹಾಕಿದರು. ಚಪ್ಪಾಳೆ ಬಿತ್ತು.

“ಮಹಾಜನರೇ, ಹೆಣಿಗೆ ಹೆಂಗಸರ ವಿದ್ಯೆ ಎಂದು ತಿಳಿದಿದ್ದೇವೆ. ಆದರೆ ಹೆಂಗಸರ ಬುದ್ಧಿ ಎಲ್ಲವನ್ನೂ ಮುಚ್ಚುವುದರಲ್ಲಿ ಮುಗಿಯುತ್ತದೆ. ಪಾತ್ರೆಯನ್ನು ಮುಚ್ಚುವರು, ಪೆಟ್ಟಿಗೆಯನ್ನು ಮುಚ್ಚುವರು, ಟೋಪಿಯನ್ನೂ ಮುಚ್ಚುವರು. ತೆರೆದಿಡುವ ವಿದ್ಯೆಯನ್ನು ಈ ಪುಣ್ಯಪುರುಷರಿಗೆ ಯಾರೂ ಕಲಿಸಲಿಲ್ಲ. ಕಲಿಸುವ ಯೋಗ್ಯತೆ ಯಾರಿಗಿತ್ತು? ಇವರು ಸ್ವಯಂಭೂ!”

ಕೈ ಮಾಡಿದರು. ಹೊಳಬಸಪ್ಪನವರು ಗೋಣು ಹಾಕಲಿಲ್ಲ.

ಮತ್ತೆ ಕೈ ಮಾಡಿದರು.

“ಕಲಿಸ್ಯಾರ್ರಿ,” ಎಂದರು ಹೊಳಬಸಪ್ಪನವರು.

“ನೋಡಿದಿರಾ ವಿನಯ!” ಎಂದರು ನಿಜಲಿಂಗಪ್ಪನವರು. ಚಪ್ಪಾಳೆ ಇನ್ನಷ್ಟು ಜೋರಾಯಿತು.

“ವಿನಯ ಅಲ್ರಿ. ಕಲಿಸ್ಯಾರ.”

ಅವರು ಎದ್ದು ನಿಂತಿದ್ದರು. ಶಾಲು ಜಾರಿ ಕುರ್ಚಿಯ ಮೇಲೆ ಬಿತ್ತು. ಕೆಳಗಿದ್ದ ಮುಖಗಳನ್ನು ಅವರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ಎಲ್ಲ ತಲೆಗಳೂ ಅವರು ಅಳೆದದ್ದೇ. ಇಷ್ಟು ದಿನ ಚಹಾ ಕುಡಿದವರು, ಚಾಪೆಯ ಮೇಲೆ ಕಾಲು ಚಾಚಿದವರು, ಕತ್ತಲಾಗುವವರೆಗೆ ಮಾತಾಡಿದವರು. ಬಾಗಿಲ ಬಳಿ ರಂಗೂಬಾಯಿ ಬೇಡ ಎಂಬಂತೆ ಕೈಯಾಡಿಸಿದಳು. ಗೋಣು ಹಾಕಿ ಕೂತರೆ ನಾಳೆಯೂ ಕಟ್ಟೆ ತುಂಬುತ್ತದೆ. ಅವರಿಗೆ ಅದು ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ನಿಜಲಿಂಗಪ್ಪನವರು ಒಳ್ಳೆಯ ವಾಗ್ಮಿಗಳು. ಅಡ್ಡಿಯನ್ನೂ ಅಲಂಕಾರ ಮಾಡಿಕೊಳ್ಳಬಲ್ಲವರು. ಎರಡೂ ಕೈ ಜೋಡಿಸಿ ಕೇಳಿದರು: “ಹಾಗಾದರೆ ತಾವೇ ಅಪ್ಪಣೆ ಕೊಡಿಸಬೇಕು. ಈ ಟೋಪಿಯ ನೆತ್ತಿಯನ್ನು ತೆರೆದಿಡುವ ಮಹಾರಹಸ್ಯವನ್ನು ತಮಗೆ ಉಪದೇಶಿಸಿದ ಗುರು ಯಾರು?”

ಹೊಳಬಸಪ್ಪನವರು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನನ್ನ ಹೇಣ್ತಿ ಕಲ್ಲವ್ವರಿ. ರಹಸ್ಯ ಏನಿಲ್ಲ. ನೆತ್ತಿ ಮುಚ್ಚೂದು ನಾಳೆ ಹೇಳಿಕೊಡ್ತೀನಿ ಅಂದಿದ್ಲು. ನನಗ ಅಲ್ಲೀತನಕಾನ ಬರ್ತದ.”